ಹೂ ಡಾಕ್ಟರು

ಬೋರ್ಡು ಬರೆದವನು ಪೇಂಟರ್ ಬುಡನ್ ಸಾಬಿ.
ಹು ಎಂದರೆ, ಅಷ್ಟು ಗಿಡ್ಡ ಹೆಸರು ಇರಲಾರದೆಂದು
ತಾನೇ ಕೊಂಬನ್ನು ಎಳೆದು ಉದ್ದ ಮಾಡಿ
ಹೂ ಎಂದು ಬರೆದ.
ಕೆಳಗೆ ಸಣ್ಣಕ್ಷರದಲ್ಲಿ: ದಂತ ಚಿಕಿತ್ಸೆ, ಚೀಣಾ ಪದ್ಧತಿ.
ಪಕ್ಕದಲ್ಲೊಂದು ನಗುವ ದವಡೆ.

ರಸ್ತೆಯಾಚೆ ದೇವರಾಜ ಮಾರ್ಕೆಟ್ಟು, ಹೂವಿನ ಸಾಲು.
ಅಲ್ಲಿ ನನ್ನಜ್ಜಿ ಚಿಕ್ಕತಾಯಮ್ಮ
ಮೊಳ ಅಳೆದು ಅಳೆದು, ಬಾಳೆನಾರನ್ನು
ಹಲ್ಲಲ್ಲೇ ಕಟಕ್ಕನೆ ಕಡಿಯುವವಳು.
ಕತ್ತರಿ ಇತ್ತು.
ಮಲ್ಲಿಗೆಗೆ ಕಬ್ಬಿಣ ತಾಗಬಾರದಂತೆ.

ನಮ್ಮೂರಿಗೆ ಸಮುದ್ರವಿಲ್ಲ.
ಕುಕ್ಕರಹಳ್ಳಿ ಕೆರೆಯ ಹಕ್ಕಿಗಳನ್ನು ಬಿಟ್ಟರೆ
ತೇಲುವಂಥದ್ದು ಹೆಚ್ಚೇನಿಲ್ಲ.
ಆದರೂ ಡಾಕ್ಟರ ಬಾಯಲ್ಲಿ ಬಂದರುಗಳಿದ್ದವು:
ಕ್ಯಾಂಟನ್, ಸಿಂಗಪುರ, ಪೆನಾಂಗ್, ರಂಗೂನು, ಕಲ್ಕತ್ತೆ.
ಒಂದನ್ನೂ ಕಂಡವರಲ್ಲ,
ಹುಟ್ಟಿದ್ದೇ ಮಂಡಿಮೊಹಲ್ಲದಲ್ಲಿ.
ಕಂಡದ್ದು ಅವರಪ್ಪ. ಹುಬೇಯ ನೆರೆಯಲ್ಲಿ ಗದ್ದೆ ಹೋದ ಮೇಲೆ
ಕಾಗದದ ಹೂ ಮಾಡಿ ಕೋಲಿಗೆ ಸಿಕ್ಕಿಸಿ
ಬಂದರಿಂದ ಬಂದರಿಗೆ ಮಾರುತ್ತ ಬಂದವನು.
ಹಲ್ಲು ಕೀಳಲು ಕಲಿತದ್ದು ಹಡಗಿನಲ್ಲಿ,
ನಾವಿಕರ ದವಡೆಗಳ ಮೇಲೆ.

"ವಾಸ್ನೆ ಇಲ್ದಿರೋ ಹೂವ ಯಾರು ತಕಂಡಾರು ಡಾಕ್ಟ್ರೇ?"
"ವಾಸ್ನೆ ಇದ್ದಿದ್ರೆ ಅಷ್ಟು ದೂರ ತರೋಕಾಯ್ತಿತ್ತಾ ಚಿಕ್ಕತಾಯಮ್ಮ,
ದಾರೀಲೇ ಬಾಡೋಗದು."

ಅರವತ್ತೆರಡರ ಚಳಿಗಾಲ.
ಪ್ರತಿ ಸೋಮವಾರ ಲಷ್ಕರ್ ಠಾಣೆಯಲ್ಲಿ ರುಜು.
ಹೊಳೆ ದಾಟಿ ಶ್ರೀರಂಗಪಟ್ಟಣಕ್ಕೆ ಹೋಗಲೂ ಚೀಟಿ.
ಬೋರ್ಡಿನ ಚೀಣಾ ಪದದ ಮೇಲೆ
ಯಾರೋ ರಾತ್ರೋರಾತ್ರಿ ಟಾರು ಬಳಿದರು.
ಮರುಸಂಜೆ ಹುಡುಗರು ಕಲ್ಲು ಹಿಡಿದು ಬಂದರೆ
ಮೆಟ್ಟಿಲ ಮೇಲೆ ಅಜ್ಜಿ, ಮಂಕರಿ ಸಮೇತ.
"ಕಣ್ಣು ಕಾಣಾಕಿಲ್ವಾ? ಹೂ ಅಂತ ಬರ್ದದೆ.
ಹೂವಿನಂಗ್ಡಿ ಕಣ್ರಪ್ಪ. ಎಷ್ಟು ಮೊಳ?"
ಒಬ್ಬ ನಿಜಕ್ಕೂ ಎರಡು ಮೊಳ ಕೊಂಡನಂತೆ.
ಇನ್ನೊಬ್ಬನ ಕಲ್ಲು ನಗುವ ದವಡೆಗೆ ಬಿತ್ತು.
ಈ ಕತೆಯಲ್ಲಿ ಹೂವೆಷ್ಟು, ನಾರೆಷ್ಟು, ನನಗೆ ಗೊತ್ತಿಲ್ಲ;
ಹೇಳಿದಾಗಲೆಲ್ಲ ಅಜ್ಜಿ ಒಂದು ಮೊಳ ಏರಿಸುತ್ತಿದ್ದಳು.

ಅವಳ ಹಲ್ಲು ಅಷ್ಟೂ ಉದುರಿದ್ದು ಎಪ್ಪತ್ತೊಂಬತ್ತರಲ್ಲಿ.
ಡಾಕ್ಟರು ಮೇಣ ಅದುಮಿ ಅಚ್ಚು ತೆಗೆದರು.
ಹಲ್ಲು ಸಿಂಗಪುರದ್ದು, ಯಾರದೋ ಪೆಟ್ಟಿಗೆಯಲ್ಲಿ
ಮದರಾಸಿಗೆ ಇಳಿದು ರೈಲಲ್ಲಿ ಬಂದದ್ದು.
"ಉಣ್ಣಕ್ಕೆ ಹೆಂಗೋ ಆಯ್ತದೆ. ನಾರು ಕಡಿಯಂಗೆ ಇರಬೇಕು"
ಎಂಬುದೊಂದೇ ಅವಳ ಷರತ್ತು.
ದುಡ್ಡು ಬೇಡವೆಂದರು. ಬಿಡಲಿಲ್ಲ ಇವಳು:
ದಿನಕ್ಕೊಂದು ಮೊಳ, ಎರಡು ವರ್ಷ,
ಡಾಕ್ಟರ ಹೆಂಡತಿ ಷ್ಯೂಲಾನರ ತುರುಬಿಗೆ.

ಅವಳು ಹೋದ ದಿನ
ಸೆಟ್ಟು ಸ್ಟೀಲ್ ಲೋಟದ ನೀರಿನಲ್ಲಿತ್ತು.
ಬೂದಿಯ ಜೊತೆ ಪಶ್ಚಿಮವಾಹಿನಿಗೆ ಒಯ್ದೆ.
ಕಾವೇರಿ ಹೋಗುವುದು ಸಮುದ್ರಕ್ಕೆ ತಾನೆ,
ಬಂದ ದಾರಿಯಲ್ಲೇ ಹೋಗಲಿ ಹಲ್ಲು,
ಹೀಗೆಲ್ಲ ದೊಡ್ಡದಾಗಿ ಯೋಚಿಸಿದ್ದೆ.
"ಇದು ಮೂಳೆಯಲ್ಲ, ತೆಗೀರಿ" ಎಂದರು ಪುರೋಹಿತರು.
ಮೂಳೆಯಲ್ಲ, ನಿಜ.
ಜೇಬಿನಲ್ಲಿ ಕಟಕಟ ಎನ್ನುತ್ತ
ಬಸ್ಸಿನಲ್ಲಿ ನನ್ನ ಜೊತೆಯೇ ವಾಪಸು ಬಂತು.

ಈಗ ನನ್ನ ಸರದಿ.
ಅರವತ್ತಕ್ಕೆ ಮೊದಲೇ ಕೆಳದವಡೆ ಖಾಲಿ.
ಕ್ಲಿನಿಕ್ಕು ಸರಸ್ವತಿಪುರಂಗೆ ಹೋಗಿದೆ, ಎಲ್‌ಇಡಿ ಬೋರ್ಡು;
ಕುರ್ಚಿಯ ಪಕ್ಕ ಅವರ ಮಗಳು ಮೇಲಿನ್,
ಪ್ರೈಮರಿ ಮೇಷ್ಟರೊಬ್ಬರು ಹಾಜರಿಪುಸ್ತಕದಲ್ಲಿ
ಮಾಲಿನಿ ಎಂದು ತಿದ್ದಿದ್ದು ಹಾಗೇ ಉಳಿದಿದೆ.
ತಮ್ಮಂದಿರು, ಚಿಕ್ಕಪ್ಪಂದಿರು, ಎಲ್ಲ ಟೊರಾಂಟೊ.
ನೀವ್ಯಾಕೆ ಹೋಗಲಿಲ್ಲ ಎಂದರೆ
"ಬಾಯಿ ತೆಗೀರಿ" ಅನ್ನುತ್ತಾರೆ.

ಕರ್ಚೀಫು ಬಿಚ್ಚಿ ಅಜ್ಜಿಯ ಸೆಟ್ಟು ಕೊಟ್ಟೆ.
ದೀಪದ ಕೆಳಗೆ ಹಿಡಿದರು.
ಮುಂದಿನೆರಡು ಹಲ್ಲುಗಳ ನಡುವೆ
ನಾರು ಸವೆಸಿದ ಗೀರು, ಕೂದಲಿನಷ್ಟು.
ಉಗುರು ಅದರ ಮೇಲೆ ಹೋಯಿತು, ಬಂತು.
ಗಾಜಿನ ಬೀರುವಿನಲ್ಲಿ, ಅಪ್ಪನ ಇಕ್ಕಳದ ಪಕ್ಕ,
ಕಾಗದದ ಹೂವೊಂದಿತ್ತು, ಬಣ್ಣ ಹಾರಿದ್ದು.
ಅದನ್ನು ತುಸು ಸರಿಸಿ ಜಾಗ ಮಾಡಿದರು.

ಆಮೇಲೆ ಬೆಚ್ಚನೆಯ ಮೇಣ ನನ್ನ ಬಾಯಿಗಿಟ್ಟು
ಥೇಟು ಅವರಪ್ಪನದೇ ರಾಗದಲ್ಲಿ:
"ಹೂಂ, ಕಚ್ಚಿ."